ಸರಾಸರಿ ತಲೆಗೊಂದು ಹೆಲ್ಮೆಟ್ಟು

“ಈ ಮನೆಗೆ ಬರೋದು ಒಂದೇ ಹೆಲ್ಮೆಟ್ಟು! ಆದ್ರೆ ನೋಡಿದೋರೆಲ್ಲ, ಹೆಲ್ಮೆಟ್ಟು ಅಂದ್ರೆ ಇದಪ್ಪಾ ಅನ್ನಬೇಕು. ಹಂಗೆ ಆರಿಸಿ ತರ್ತೀನಿ, ನೋಡ್ತಿರು!”

ಕುವೆಂಪುನಗರದ ಸದಾಶಿವಯ್ಯನವರು ಈ ಪ್ರತಿಜ್ಞೆ ಮಾಡಿದ್ದು 2006ರ ಒಂದು ಭಾನುವಾರ, ಎಡಗೈಯಲ್ಲಿ ಪೇಪರು, ಬಲಗೈಯಲ್ಲಿ ಮುದ್ದೆಯ ತುತ್ತು ಹಿಡಿದುಕೊಂಡು. ಇನ್ನು ಮೇಲೆ ಹೆಲ್ಮೆಟ್ ಕಡ್ಡಾಯವಂತೆ ಅನ್ನುವ ಸುದ್ದಿ ಊರಿಡೀ ಗುಲ್ಲೆದ್ದಿದ್ದ ಕಾಲ ಅದು. ಪ್ರತಿಜ್ಞೆಯನ್ನು ಕೇಳಿಸಿಕೊಂಡ ಸಭಿಕರು ಪತ್ನಿ ಪ್ರೇಮಲೀಲಾ ಒಬ್ಬರೇ.

“ಎರಡು ತರಬೋದಲ್ವೇನ್ರೀ? ನಿಮಗೊಂದು, ನನಗೊಂದು.”

“ಮನೇಲಿ ಸ್ಕೂಟರ್ ಎಷ್ಟಿದೆ?”

“ಒಂದು.”

“ಒಂದು ಸ್ಕೂಟರನ್ನ ಒಂದು ಸಲಕ್ಕೆ ಎಷ್ಟು ಜನ ಓಡಿಸ್ತಾರೆ?”

“ಒಬ್ಬರು.”

“ಮುಗೀತಲ್ಲ! ಎರಡು ಅಗ್ಗದ್ದು ತರೋದಕ್ಕಿಂತ ಒಂದು ಒಳ್ಳೇದು ತರೋದು ಲೇಸು. ಮುಖ ಪೂರ್ತಿ ಮುಚ್ಚೋ ಅಂಥದ್ದು. ಗದ್ದದಿಂದ ಹಿಡಿದು ನೆತ್ತಿ ತನಕ ರಕ್ಷಣೆ!”

ಪ್ರೇಮಲೀಲಾ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಎಲ್ಲಿ ಸುಮ್ಮನಾಗಬೇಕು ಅನ್ನುವುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಸದಾಶಿವಯ್ಯನವರು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರು. ಬೋಲ್ಟು, ಬುಷ್ಷುಗಳನ್ನು ಅಳೆದು ನೋಡಿ ಪಾಸು, ರಿಜೆಕ್ಟು ಅಂತ ಹೇಳುವುದು ಕೆಲಸ. ಈ ಅಭ್ಯಾಸ ಫ್ಯಾಕ್ಟರಿ ಗೇಟಿನ ಒಳಗೇ ಉಳಿದಿದ್ದರೆ ಯಾರ ತಕರಾರೂ ಇರಲಿಲ್ಲ. ಅದು ದಿನಾ ಸಂಜೆ ಊಟದ ಡಬ್ಬಿಯ ಜೊತೆಗೆ ಮನೆಗೂ ಬರುತ್ತಿತ್ತು. ಆ ಮನೆಯಲ್ಲಿ ದಪ್ಪ ಸಾಲದೆಂದು ಇಡ್ಲಿ ರಿಜೆಕ್ಟ್ ಆದದ್ದಿದೆ, ಮಡಿಕೆ ಸರಿಯಿಲ್ಲವೆಂದು ಪಂಚೆ ರಿಜೆಕ್ಟ್ ಆದದ್ದಿದೆ.

ಪ್ರೇಮಲೀಲಾ ಅವರ ಡ್ರೈವಿಂಗ್ ಟೆಸ್ಟು ಎರಡು ಸಲ ಫೇಲಾದದ್ದೂ ಈ ಅಭ್ಯಾಸದ ದೆಸೆಯಿಂದಲೇ. ಮೊದಲನೇ ಸಲ ಆಕೆ ಮೈದಾನದಲ್ಲಿ ಎಂಟು ಹಾಕುತ್ತ ಸಲೀಸಾಗಿ ಹೋಗುತ್ತಿದ್ದಾಗ ಸದಾಶಿವಯ್ಯನವರು ಬೇಲಿಯಾಚೆಯಿಂದ “ಬ್ರೇಕ್!” ಅಂತ ಕೂಗಿದರು. ಆಕೆ ಬ್ರೇಕ್ ಹಿಡಿದರು. ಕಾಲು ನೆಲಕ್ಕೆ ತಾಗಿತು, ಫೇಲು. ಎರಡನೇ ಸಲ ದೂರದಿಂದ ಕೂಗಿದರೆ ಸ್ಪಷ್ಟವಾಗುವುದಿಲ್ಲ ಎಂದುಕೊಂಡು ಸ್ಕೂಟರಿನ ಪಕ್ಕದಲ್ಲೇ ಓಡುತ್ತ ಸೂಚನೆ ಕೊಟ್ಟರು. ಎಂಟರ ಎರಡನೇ ಸುತ್ತಿನಲ್ಲಿ ಸ್ಕೂಟರಿಗೆ ಅವರೇ ಅಡ್ಡ ಬಂದರು. ಗಂಡನ ಮೇಲೆ ಹತ್ತಿಸುವುದಕ್ಕಿಂತ ಫೇಲಾಗುವುದು ವಾಸಿ ಅಂತ ಪ್ರೇಮಲೀಲಾ ಆ ಕ್ಷಣಕ್ಕೆ ತೀರ್ಮಾನ ಮಾಡಿದರು. ಆ ತೀರ್ಮಾನ ಸರಿಯೋ ತಪ್ಪೋ ಅಂತ ಆಮೇಲೆ ಒಂದೆರಡು ಸಲ ಅನುಮಾನವೂ ಬಂದಿತ್ತಂತೆ.

ಈಗ ಉಳಿದದ್ದು ಒಂದೇ ಅವಕಾಶ. ಆಕೆಯ ಎಲ್ಲೆಲ್‌ನ ಅಂದರೆ ಕಲಿಯುವವರ ಲೈಸೆನ್ಸಿನ ಆರು ತಿಂಗಳ ಗಡುವು ಈ ತಿಂಗಳ ಕೊನೇ ಸೋಮವಾರಕ್ಕೆ ಮುಗಿಯುತ್ತಿತ್ತು. ಹೂಟಗಳ್ಳಿಯಲ್ಲಿ ಹೊಸದಾಗಿ ಶುರುವಾದ ಹೊಲಿಗೆ ತರಬೇತಿ ಕೇಂದ್ರದವರು, “ಒಂದನೇ ತಾರೀಖಿಂದ ಟೀಚರಾಗಿ ಬನ್ನಿ ಮೇಡಂ. ಒಂಬತ್ತಕ್ಕೆ ಕ್ಲಾಸು, ಒಂದು ನಿಮಿಷ ತಡ ಆಗೋ ಹಂಗಿಲ್ಲ” ಅಂದಿದ್ದರು. ಎರಡು ಬಸ್ಸು ಬದಲಾಯಿಸಿ, ಶಿಫ್ಟಿಗೆ ಹೋಗುವವರ ನೂಕುನುಗ್ಗಲಿನಲ್ಲಿ ಒಂಬತ್ತಕ್ಕೆ ಅಲ್ಲಿರುವುದು ಆಗದ ಮಾತು. ಸೋಮವಾರ ತಪ್ಪಿದರೆ ಮತ್ತೆ ಮೊದಲಿನಿಂದ ಎಲ್ಲೆಲ್ ಮಾಡಿಸಬೇಕು, ತಿಂಗಳು ಕಾಯಬೇಕು. ಅಷ್ಟರಲ್ಲಿ ಆ ಕೆಲಸ ಇನ್ಯಾರ ಪಾಲಾಗುತ್ತಿತ್ತೋ! ನಲವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಯಾರೋ ಆಕೆಯನ್ನು ಮೇಡಂ ಅಂದಿದ್ದರು. ಇದರ ಮೇಲೆ, ಟೆಸ್ಟ್ ತೆಗೆದುಕೊಳ್ಳುವ ಇನ್‌ಸ್ಪೆಕ್ಟರು ಹೋದ ಸಲವೇ ಎಚ್ಚರಿಸಿದ್ದರು: “ಮುಂದಿನ ಸಲ ಹೆಲ್ಮೆಟ್ ಇಲ್ದೆ ಬಂದ್ರೆ ಟೆಸ್ಟೇ ಇಲ್ಲ.”

ಹೀಗಾಗಿ ಹೆಲ್ಮೆಟ್ಟು ಬೇಕೇ ಬೇಕಾಗಿತ್ತು. ಸದಾಶಿವಯ್ಯನವರು ಅದನ್ನು ಆರಿಸುವುದಕ್ಕೆ ಮೂರು ಭಾನುವಾರ ತೆಗೆದುಕೊಂಡರು.

ಬಡಾವಣೆಯಲ್ಲೇ ಗೋವಿಂದರಾಜು ಎಂಬವರ ಅಂಗಡಿಯಿತ್ತು. ಸೀಟ್ ಕವರು, ಕನ್ನಡಿ, ಹೆಲ್ಮೆಟ್ಟು ಎಲ್ಲ ಸಿಗುತ್ತಿತ್ತು. ಮೊದಲನೇ ಭಾನುವಾರ ಸದಾಶಿವಯ್ಯನವರು ಜೇಬಿನಿಂದ ವರ್ನಿಯರ್ ತೆಗೆದು ಹನ್ನೊಂದು ಹೆಲ್ಮೆಟ್ಟುಗಳ ಅಂಚಿನ ದಪ್ಪ ಅಳೆದು ಪುಸ್ತಕದಲ್ಲಿ ಬರೆದುಕೊಂಡು ಬಂದರು. ಎರಡನೇ ಭಾನುವಾರ ನಾಲ್ಕನ್ನು ಪಕ್ಕದ ದಿನಸಿ ಅಂಗಡಿಗೆ ಹೊತ್ತುಕೊಂಡು ಹೋಗಿ ತೂಕ ಹಾಕಿಸಿದರು. ಭಾರ ಹೆಚ್ಚಾದರೆ ಕುತ್ತಿಗೆ ನೋವು, ಕಡಿಮೆಯಾದರೆ ಗಟ್ಟಿಯಿಲ್ಲ! ದಿನಸಿ ಅಂಗಡಿಯವನು ನಾಲ್ಕನ್ನೂ ತೂಗಿಕೊಟ್ಟು, “ಕಟ್ಟಿಕೊಡ್ಲಾ ಸಾರ್?” ಅಂದ. ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದು ಅದರ ಮುಂದಿನ ಗ್ಲಾಸಿನ ಮೂಲಕ ನೋಡಿದರೆ ಪೇಪರಿನ ಶ್ರದ್ಧಾಂಜಲಿ ಪುಟದ ಸಣ್ಣ ಅಕ್ಷರ ಕಾಣುತ್ತದೆಯೋ ಇಲ್ಲವೋ ಅನ್ನುವ ಪರೀಕ್ಷೆಯೂ ಆಯಿತು. ಕೊನೆಗೆ ಕಪ್ಪು ಬಣ್ಣದ, ಐಎಸ್‌ಐ ಗುರುತಿನ, ಮುಖವೆಲ್ಲ ಮುಚ್ಚುವ ಒಂದು ಮಾಡೆಲ್ ಪಾಸಾಯಿತು.

ಮೂರನೇ ಭಾನುವಾರ ಬಂದದ್ದು ಸೈಜಿನ ಪ್ರಶ್ನೆ. ಐವತ್ತಾರು, ಐವತ್ತೆಂಟು, ಅರವತ್ತು, ಮೂರಿದ್ದವು. ಸದಾಶಿವಯ್ಯನವರು ಮನೆಯಲ್ಲೇ ಟೇಪು ಹಿಡಿದು ಅಳತೆ ಮಾಡಿ ಬಂದಿದ್ದರು. ಹುಬ್ಬಿನ ಮೇಲಿಂದ ಸುತ್ತಿದರೆ ಅವರ ತಲೆ ಅರವತ್ತು ಸೆಂಟಿಮೀಟರು, ಪ್ರೇಮಲೀಲಾ ಅವರದು ಐವತ್ತಾರು.

“ಐವತ್ತೆಂಟು ಕೊಡಿ,” ಅಂದರು.

“ಯಾರಿಗೆ ಸಾರ್?” ಗೋವಿಂದರಾಜು ಕೇಳಿದರು.

“ಇಬ್ಬರಿಗೂ. ಅರವತ್ತು, ಐವತ್ತಾರು. ಸರಾಸರಿ ಐವತ್ತೆಂಟು. ಎರಡು ಪ್ಲಸ್ಸು, ಎರಡು ಮೈನಸ್ಸು. ನಮ್ಮ ಫ್ಯಾಕ್ಟರೀಲಿ ಅಷ್ಟು ಹೆಚ್ಚುಕಮ್ಮಿ ಇದ್ರೆ ಪಾಸು ಮಾಡ್ತೀವಿ.”

ಗೋವಿಂದರಾಜು ಮೂರು ಸೈಜಿನದನ್ನೂ ಅವರ ಮುಂದಕ್ಕೆ ಸರಿಸಿದರು.

“ಸಾರ್, ಸರಾಸರಿ ತಲೆ ಅಂತ ಯಾರಿಗೂ ಇರಲ್ಲ. ಒಬ್ಬೊಬ್ರಿಗೆ ಒಂದೊಂದು ಇರೋದು. ಹಾಕ್ಕೊಂಡು ನೋಡಿ. ಕೆನ್ನೆ ಒತ್ತಬೇಕು, ಹಣೆ ನೋಯಬಾರದು, ತಲೆ ಅಲ್ಲಾಡಿಸಿದ್ರೆ ಅದು ಬೇರೆ ಇದು ಬೇರೆ ಅಲ್ಲಾಡಬಾರದು. ಅಷ್ಟೇಯ. ಅಕ್ಕನ್ನೂ ಕರ್ಕೊಂಡ್ಬನ್ನಿ.”

“ಹಾಕ್ಕೊಂಡು ನೋಡೋದು ಅನಿಸಿಕೆ ಗೋವಿಂದರಾಜು. ನಾನು ಅನಿಸಿಕೆ ಮೇಲೆ ನಡೆಯೋನಲ್ಲ. ಅಳತೆ ಮೇಲೆ ನಡೆಯೋನು. ಕಟ್ಟಿ!”

ಭಾನುವಾರ ರಾತ್ರಿ ಪ್ರೇಮಲೀಲಾ ಹೆಲ್ಮೆಟ್ಟು ಹಾಕಿಕೊಂಡು ಬಲಕ್ಕೆ ತಿರುಗಿದರು. ತಲೆ ತಿರುಗಿತು, ಹೆಲ್ಮೆಟ್ಟು ತಿರುಗಲಿಲ್ಲ.

“ರೀ, ಕತ್ತಲೆ ಆಗೋಯ್ತು!”

“ಒಳಗೆ ಒಂದು ಟವಲ್ ಸುತ್ಕೋ. ಎಲ್ಲಾ ಸರಿ ಹೋಗುತ್ತೆ.”

ಸೋಮವಾರ ಬೆಳಿಗ್ಗೆ ಏಳೂವರೆಗೆ ಸದಾಶಿವಯ್ಯನವರು ಸ್ನಾನ, ಪೂಜೆ ಮುಗಿಸಿದರು. ರಜೆ ಹಾಕಿದ್ದರು. ಟೆಸ್ಟು ಇದ್ದದ್ದು ಹತ್ತೂವರೆಗೆ. ತಮ್ಮ ತಲೆಗೂ ಒಮ್ಮೆ ಪರೀಕ್ಷೆ ಆಗಿಬಿಡಲಿ ಅಂತ ಕನ್ನಡಕ ತೆಗೆದಿಟ್ಟು, ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಲೆಗೆ ಒತ್ತಿದರು. ಅರ್ಧಕ್ಕೆ ನಿಂತಿತು. ಹೊಸದು, ಬಿಗಿ ಇರಲೇಬೇಕು! ನೆತ್ತಿಯ ಮೇಲೆ ಎರಡು ಗುದ್ದಿದರು. ‘ಪುಸಕ್’ ಅಂತ ಒಳಗೆ ಕೂತಿತು. ಕಿವಿ ಎರಡೂ ಮಡಚಿಕೊಂಡವು. ಹೆಂಡತಿಗೆ ಎಷ್ಟು ಸಡಿಲವಾಗಿತ್ತೋ ಇವರಿಗೆ ಅಷ್ಟೇ ಬಿಗಿಯಾಗಿತ್ತು. ಸರಾಸರಿಯ ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಹತ್ತು ನಿಮಿಷ ಕಾದು ತೆಗೆಯಲು ಹೋದರು. ಬರಲಿಲ್ಲ.

“ಲೀಲಾ!” ಅಂದರು. ಅಡಿಗೆಮನೆಗೆ ಕೇಳಿಸಲಿಲ್ಲ. ತಾವೇ ಹೋಗಿ ಒಲೆಯ ಪಕ್ಕ ನಿಂತರು. ಉಪ್ಪಿಟ್ಟು ಕೆದಕುತ್ತಿದ್ದ ಪ್ರೇಮಲೀಲಾ ತಿರುಗಿ ನೋಡಿ, ಸೌಟು ಬೀಳಿಸಿ ಕಿಟಾರನೆ ಕಿರುಚಿದರು.

“ನಾನು ಕಣೇ!”

“ಯಾರು?”

“ನಾನು! ಇದು ಬರ್ತಾ ಇಲ್ಲ!”

ಎಳೆದಾಟ ಶುರುವಾಯಿತು. ಕುರ್ಚಿಯ ಮೇಲೆ ಕೂರಿಸಿ ಎಳೆದಾಯಿತು, ಹಾಸಿಗೆಯ ಮೇಲೆ ಮಲಗಿಸಿ ಎಳೆದಾಯಿತು. ಗದ್ದದ ಪಟ್ಟಿ ಎರಡನ್ನೂ ಅಗಲಿಸಿ ಎಳೆದಾಗ ಕಿವಿ ಕಿತ್ತು ಬಂದಂತಾಗಿ ಸದಾಶಿವಯ್ಯನವರು ಒಳಗೇ ಶಿವಶಿವಾ ಅಂದರು. ಸದ್ದು ಕೇಳಿ ಪಕ್ಕದ ಮನೆಯ ಪಾರ್ವತಮ್ಮ ಬಂದರು. ಸ್ವಲ್ಪವೂ ಗಾಬರಿಯಾಗದೆ ಒಂದು ಸುತ್ತು ಬಂದು ನೋಡಿದರು.

“ಎಂಗೆ ಒಕ್ತು ಪ್ರೇಮಾ ಇದು?”

“ಗುದ್ಕೊಂಡ್ರಂತೆ.”

“ಅಳ್ಳೆಣ್ಣೆ ಬುಡು. ಬಳೆ ಸಿಕ್ಕಾಕ್ಕೊಂಡ್ರೆ ಬುಡಲ್ವಾ, ಅಂಗೇಯ.”

ಗ್ಲಾಸು ಎತ್ತಿ ಅರ್ಧ ಬಟ್ಟಲು ಹರಳೆಣ್ಣೆ ಬಿಟ್ಟರು. ಎಣ್ಣೆ ಕಿವಿಯ ಕಡೆ ಹೋಗಲಿಲ್ಲ. ಹಣೆಯ ಮೂರು ಪಟ್ಟೆ ವಿಭೂತಿಯನ್ನು ಕರಗಿಸಿಕೊಂಡು, ಮೂಗಿನ ಮೇಲಿಂದ ಇಳಿದು ಮೀಸೆಯಲ್ಲಿ ನಿಂತಿತು. ಹೆಲ್ಮೆಟ್ಟು ಕದಲಲಿಲ್ಲ.

“ನಿಮ್ಮನೇಲಿ ಒಂದು ಹೆಲ್ಮೆಟ್ಟಿತ್ತಲ್ಲಾ ಪಾರ್ವತಮ್ಮಾ,” ಪ್ರೇಮಲೀಲಾ ಅಳುಮೋರೆ ಮಾಡಿಕೊಂಡು ಕೇಳಿದರು.

“ನಮ್ಮೆಜಮಾನ್ರು ಆಕ್ಕೊಂಡೋದ್ರಲ್ಲವ್ವಾ. ಈ ರೋಡಲ್ಲಿರೋ ಎಲ್ಮೆಟ್ಟೆಲ್ಲಾ ಈಗ ಆಫೀಸಲ್ಲೇ ಅವೆ.”

ಗೋವಿಂದರಾಜು ಅಂಗಡಿ ತೆಗೆಯುತ್ತಿದ್ದದ್ದು ಹನ್ನೊಂದಕ್ಕೆ. ಫೋನು ಮಾಡಿದರೆ ಸುಮ್ಮನೆ ಹೊಡೆದುಕೊಂಡಿತು. ಗಂಟೆ ಒಂಬತ್ತೂಕಾಲು. ಹಸಿವಾದ ಸದಾಶಿವಯ್ಯನವರಿಗೆ ಪ್ರೇಮಲೀಲಾ ಗ್ಲಾಸಿನ ಕಿಂಡಿಯಿಂದ ಚಮಚದಲ್ಲಿ ಉಪ್ಪಿಟ್ಟು ಇಳಿಸಿದರು. ಬಾಯಿ ಇದ್ದದ್ದು ಕಿಂಡಿಗಿಂತ ಕೆಳಗೆ. ಮೊದಲನೇ ಚಮಚ ಮೂಗಿಗೆ, ಎರಡನೆಯದು ಗದ್ದದ ಗೂಡಿಗೆ ಹೋಯಿತು. ಮೂರನೆಯದರಲ್ಲಿ ಒಂದು ಗೋಡಂಬಿ ಬಾಯಿಗೆ ಸಿಕ್ಕಿತು.

“ನೀವು ಮನೇಲೇ ಇರಿ. ನಾನು ಹೋಗಿ ಯಾರ ಹತ್ರನಾದ್ರೂ ಕೇಳ್ತೀನಿ,” ಅಂದರು ಪ್ರೇಮಲೀಲಾ.

“ಏನು?”

“ಮನೇಲೇ ಇರೀಂತ!”

“ನಾನಿಲ್ದೆ ನೀನು ಪಾಸಾಗ್ತೀಯಾ? ನಡಿ!”

ಹೊರಡುವುದು ಹೇಗೆ? ಆಕೆ ಓಡಿಸುವಂತಿಲ್ಲ, ಹೆಲ್ಮೆಟ್ಟಿಲ್ಲ. ಇವರು ಓಡಿಸುವಂತಿಲ್ಲ, ಕನ್ನಡಕದ ಕಡ್ಡಿ ಒಳಗೆ ತೂರುತ್ತಿಲ್ಲ. ನಿಯಮ ಅಂದರೆ ನಿಯಮ! ಸದಾಶಿವಯ್ಯನವರು ಹ್ಯಾಂಡಲ್ ಹಿಡಿದರು, ಪ್ರೇಮಲೀಲಾ ಹಿಂದಿನಿಂದ ನೂಕಿದರು. ಒಂದು ಮೈಲಿ ದೂರದ ಟೆಸ್ಟ್ ಮೈದಾನಕ್ಕೆ ಸ್ಕೂಟರು ಮೆರವಣಿಗೆ ಹೊರಟಿತು. ದಾರಿಯಲ್ಲಿ ಒಬ್ಬರು ಮರುಕದಿಂದ, “ಪೆಟ್ರೋಲ್ ಖಾಲೀನಾ ಸಾರ್?” ಅಂತ ವಿಚಾರಿಸಿದರು.

“ಇಲ್ಲ, ಟ್ಯಾಂಕ್ ಫುಲ್ಲಿದೆ,” ಅಂದರು ಪ್ರೇಮಲೀಲಾ.

“ಕೆಟ್ಟೋಗಿದ್ಯಾ?”

“ಗಾಡಿ ಚೆನ್ನಾಗಿದೆ.”

ಅವರು ರಸ್ತೆಯ ಆ ಬದಿಗೆ ಹೋಗಿ ನಡೆಯತೊಡಗಿದರು.

ಮೈದಾನ ತಲುಪಿದಾಗ ಹತ್ತೂಮುಕ್ಕಾಲು. ಇನ್‌ಸ್ಪೆಕ್ಟರು ಕಾಗದ ನೋಡಿ, ಪ್ರೇಮಲೀಲಾ ಅವರ ಬರಿದಲೆ ನೋಡಿದರು.

“ಹೆಲ್ಮೆಟ್ಟೆಲ್ಲಮ್ಮಾ?”

“ಅಲ್ಲಿದೆ ಸಾರ್.”

“ಇಸ್ಕೊಂಡು ಬನ್ನಿ.”

“ತಲೆ ಸಮೇತ ತರಬೇಕು ಸಾರ್.”

ಇನ್‌ಸ್ಪೆಕ್ಟರು ಎದ್ದು ಬಂದು ತಾವೇ ಒಂದು ಸಲ ಎಳೆದು ನೋಡಿದರು. ಸಾಲಿನಲ್ಲಿದ್ದ ನಾಲ್ಕು ಜನ ಸರದಿಯ ಮೇಲೆ ಎಳೆದರು. ಸದಾಶಿವಯ್ಯನವರ ಕುತ್ತಿಗೆ ಒಂದಂಗುಲ ಉದ್ದವಾದದ್ದು ಬಿಟ್ಟರೆ ಬೇರೆ ಪ್ರಗತಿ ಆಗಲಿಲ್ಲ. ಇನ್‌ಸ್ಪೆಕ್ಟರು ಕೈಗೆ ಹತ್ತಿದ ಹರಳೆಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು, “ನಾಳೆ ಬನ್ನೀಮ್ಮಾ,” ಅಂದರು.

“ನಾಳೆಗೆ ನನ್ನ ಎಲ್ಲೆಲ್ ಇರಲ್ಲ ಸಾರ್. ಇವತ್ತೇ ಕೊನೆ.” ಪ್ರೇಮಲೀಲಾ ಕಾಗದದ ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದರು. “ಒಂದನೇ ತಾರೀಖು ಕೆಲಸಕ್ಕೆ ಸೇರ್ಬೇಕು ಸಾರ್.”

ಹೆಲ್ಮೆಟ್ಟಿನೊಳಗೆ ಈ ಮಾತು ಕೇಳಿಸಲಿಲ್ಲ. ಆದರೆ ಹೆಂಡತಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡದ್ದು ಮಸುಕು ಮಸುಕಾಗಿ ಕಂಡಿತು. ಎರಡು ಸಲ ಕೂಗಿ ಕೆಡಿಸಿದ್ದಾಯಿತು, ಮೂರನೇ ಸಲ ಬಾಯಿ ಬಿಡದೆಯೂ ಕೆಡಿಸಿದೆನಲ್ಲಾ ಅಂತ ಸದಾಶಿವಯ್ಯನವರಿಗೆ ತಮ್ಮ ಮೇಲೆ ತಮಗೇ ಸಿಟ್ಟು ಬಂತು. ಹಣೆ ಚಚ್ಚಿಕೊಳ್ಳೋಣವೆಂದರೆ ಅದಕ್ಕೂ ಪೂರ್ತಿ ರಕ್ಷಣೆಯಿತ್ತು.

ಆಗಷ್ಟೇ ಟೆಸ್ಟು ಮುಗಿಸಿ ಬಂದ ಹುಡುಗಿಯೊಬ್ಬಳು ಇದನ್ನೆಲ್ಲ ನೋಡುತ್ತ ನಿಂತಿದ್ದಳು. ನಿಶ್ಚಿತಾ ಅಂತ, ಕಾಲೇಜಿನವಳು. ತಲೆಯಿಂದ ಗುಲಾಬಿ ಬಣ್ಣದ ಹೆಲ್ಮೆಟ್ಟು ತೆಗೆದು ಚಾಚಿದಳು.

“ಆಂಟೀ, ನಂದು ಹಾಕ್ಕೊಳ್ಳಿ. ನಿಮ್ದು ಮುಗಿಯೋ ತನಕ ಇರ್ತೀನಿ.”

ಪ್ರೇಮಲೀಲಾ ಹಾಕಿಕೊಂಡರು. ಕೆನ್ನೆ ಒತ್ತಿತು, ಹಣೆ ನೋಯಲಿಲ್ಲ. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟೂ ಜೊತೆಯಲ್ಲೇ ಅಲ್ಲಾಡಿತು. ಸದಾಶಿವಯ್ಯನವರು ಐಎಸ್‌ಐ ಗುರುತು ಹುಡುಕಲು ಬಗ್ಗುವಷ್ಟರಲ್ಲಿ ಸ್ಕೂಟರು ಹೊರಟೇಹೋಯಿತು.

ಒಂದು ಕ್ಷಣದ ಹಿಂದಿನ ಪಶ್ಚಾತ್ತಾಪ ಆ ಕ್ಷಣವೇ ಮರೆತುಹೋಯಿತು. “ನಿಧಾನ! ಇಂಡಿಕೇಟರ್! ಬ್ರೇಕ್ ಮೇಲೆ ಕೈ ಇಡು!” ಅಂತ ಜೀವ ಬಿಟ್ಟು ಕೂಗಿದರು. ಒಳಗೆ ಅದು ಗುಡುಗಿನಂತೆ ಮೊಳಗಿ ಅವರ ಕಿವಿಯೇ ಗುಂಯ್‌ಗುಟ್ಟಿತು. ಹೊರಗೆ ನಿಂತವರಿಗೆ ಕೇಳಿಸಿದ್ದು “ಊಂ... ಊಂಊಂ” ಅಷ್ಟೇ. ಪಕ್ಕದಲ್ಲಿ ಓಡೋಣವೆಂದರೆ ಉಸಿರಿನ ಹಬೆಗೆ ಗ್ಲಾಸು ಪೂರ್ತಿ ಮಂಜಾಗಿ, ಬೇಲಿ ಯಾವುದು, ಮೈದಾನ ಯಾವುದು ಅಂತ ತಿಳಿಯಲಿಲ್ಲ. ಗ್ಲಾಸಿನಾಚೆ ಒಂದು ಹಸಿರು ಸೀರೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಮತ್ತೆ ಎಡಕ್ಕೆ ಬಂತು. ಎಲ್ಲೂ ನಿಲ್ಲಲಿಲ್ಲ. ಕಡೆಗೆ ನಿಂತಾಗ ಹತ್ತಾರು ಜನ ಚಪ್ಪಾಳೆ ತಟ್ಟಿದರು.

ಪ್ರೇಮಲೀಲಾ ಓಡಿಬಂದು ಗ್ಲಾಸು ಎತ್ತಿದರು. ಮುಖವೆಲ್ಲ ನಗು.

“ಪಾಸು ಕಣ್ರೀ! ಎಲ್ಲೂ ಕಾಲು ಊರ್ಲಿಲ್ಲ! ಏನೂ ಕೇಳಿಸ್ಲಿಲ್ಲ ನೋಡಿ, ಆರಾಮಾಗಿ ತಿರುಗಿಸಿಬುಟ್ಟೆ!”

“ನಾನು ಕೂಗಿದ್ದು?”

“ಕೂಗಿದ್ರಾ? ಯಾವಾಗ?”

ಸದಾಶಿವಯ್ಯನವರಿಗೆ ಹೆಂಡತಿ ಪಾಸಾದಳಲ್ಲಾ ಅಂತ ಖುಷಿಯೇನೋ ಆಯಿತು. ತಮ್ಮ ಸೂಚನೆ ಒಂದೂ ಇಲ್ಲದೆ ಪಾಸಾದಳಲ್ಲಾ ಅಂತ ಅದರ ಬೆನ್ನಿಗೇ ಸ್ವಲ್ಪ ಬೇಸರವೂ ಆಯಿತು.

ನಿಶ್ಚಿತಾಳ ಹೆಲ್ಮೆಟ್ಟು ಹಿಂದಕ್ಕೆ ಕೊಟ್ಟು, ಮತ್ತೆ ಸ್ಕೂಟರು ನೂಕಿಕೊಂಡು ಗೋವಿಂದರಾಜು ಅಂಗಡಿಗೆ ಬಂದರು. ಗೋವಿಂದರಾಜು ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದರು. ನೋಡಿ ನಗಲಿಲ್ಲ. ನಗದೆ ಇರುವುದಕ್ಕೆ ಅವರು ಬಹಳ ಕಷ್ಟಪಡುತ್ತಿದ್ದದ್ದು ಮಾತ್ರ ಕಾಣುತ್ತಿತ್ತು.

“ಮೊದಲು ನನಗೊಂದು ಕೊಡಿ,” ಅಂದರು ಪ್ರೇಮಲೀಲಾ. ಒಂದು ಹಾಕಿ ನೋಡಿದರು, ಹಣೆ ನೋವು. ಇನ್ನೊಂದು ಹಾಕಿದರು, ಸಡಿಲ. ಮೂರನೆಯದು ಹಾಕಿ ತಲೆ ಕೊಡವಿ, “ಇದೇ ಇರ್ಲಿ,” ಅಂದರು. ಒಟ್ಟು ನಾಲ್ಕು ನಿಮಿಷವಾಯಿತು. ಸದಾಶಿವಯ್ಯನವರ ಕೈ ತಾನಾಗಿ ವರ್ನಿಯರಿಗಾಗಿ ಜೇಬು ತಡಕಿತು. ಅದು ಮನೆಯಲ್ಲಿ ಉಳಿದಿತ್ತು.

ಆಮೇಲೆ ಗೋವಿಂದರಾಜು ಸದಾಶಿವಯ್ಯನವರ ಗದ್ದದ ಕೆಳಗೆ ಬೆರಳು ಹಾಕಿ ನೋಡಿದರು.

“ಇದೇನ್ ಮಹಾ ಅಕ್ಕಾ! ಕೆನ್ನೆ ಹತ್ರ ಎರಡು ಪ್ಯಾಡಿದಾವೆ. ಗುಂಡಿ ಬಿಚ್ಚಿ ಕೆಳಗಿಂದ ಅವನ್ನ ಎಳೆದುಬಿಟ್ರೆ ಜಾಗ ಆಗುತ್ತೆ. ಎರಡು ನಿಮಿಷದ ಕೆಲಸ. ತೆಗೆದ್ಬುಡ್ಲಾ?”

ಪ್ರೇಮಲೀಲಾ ಗಂಡನ ಕಡೆ ನೋಡಿದರು, ಸ್ಕೂಟರಿನ ಕಡೆ ನೋಡಿದರು.

“ತಡೀರಿ ಗೋವಿಂದರಾಜು. ಹೆಂಗೆ ತೆಗೆಯೋದು ಅಂತ ನನಗೆ ತೋರಿಸ್ಕೊಡಿ ಸಾಕು. ನಾನೇ ತೆಗೀತೀನಿ.”

“ಈಗ್ಲೇನಾ?”

“ಮನೆಗೆ ಹೋದ್ಮೇಲೆ.”

ಸದಾಶಿವಯ್ಯನವರಿಗೆ ಇಬ್ಬರ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. “ಏನಂತೆ? ಬರುತ್ತಂತಾ?” ಅಂತ ಕೂಗಿದರು.

ಪ್ರೇಮಲೀಲಾ ಗ್ಲಾಸಿನ ಹತ್ತಿರ ಬಾಯಿಟ್ಟು, “ಬರುತ್ತಂತೆ ಕಣ್ರೀ! ಸ್ವಲ್ಪ ಗಾಳಿ ಆಡಬೇಕಂತೆ! ಹತ್ತಿ!” ಅಂದು ಹಿಂದಿನ ಸೀಟು ತಟ್ಟಿದರು. ಗೋವಿಂದರಾಜು ಊದುಬತ್ತಿ ಹಿಡಿದುಕೊಂಡೇ ಅಂಗಡಿಯ ಒಳಕ್ಕೆ ಓಡಿದರು. ಒಳಗಿನಿಂದ ನಗು ಕೇಳಿಸಿತು. ಸದಾಶಿವಯ್ಯನವರಿಗೆ ಅದೂ ಕೇಳಿಸಲಿಲ್ಲ. ಹೇಳಿದಂತೆ ಹತ್ತಿ ಕೂತರು.

ಮನೆ ಇದ್ದದ್ದು ಎಡಕ್ಕೆ, ಎರಡು ಕ್ರಾಸ್ ಆಚೆ. ಸ್ಕೂಟರು ಬಲಕ್ಕೆ ತಿರುಗಿ ಹೂಟಗಳ್ಳಿಯ ದಾರಿ ಹಿಡಿಯಿತು. ಒಂದನೇ ತಾರೀಖಿಗೆ ಬರುತ್ತೇನೆ ಅಂತ ಮೇಡಂ ತಾವೇ ಹೋಗಿ ಹೇಳಿ ಬರಬೇಕಾಗಿತ್ತು. ಆರೇಳು ಮೈಲಿ ದಾರಿಯುದ್ದಕ್ಕೂ ಸದಾಶಿವಯ್ಯನವರು ಬ್ರೇಕು, ಹಾರ್ನು, ಇಂಡಿಕೇಟರು, ಎಡಗಡೆ ಬಸ್ಸು, ಬಲಗಡೆ ಲಾರಿ ಅಂತ ಒಂದನ್ನೂ ಬಿಡದೆ ಸೂಚನೆ ಕೊಟ್ಟರು. ಅಷ್ಟನ್ನೂ ಅವರೊಬ್ಬರೇ ಕೇಳಿಸಿಕೊಂಡರು.